ಅನುದಾನ ತಗ್ಗಿದ ಕಾಲಕ್ಕೆ ಯುವಕ ಮಂಡಳಗಳ ಸ್ವಂತ ದುಡಿಮೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಯುವಕ ಮಂಡಳ, ಯುವತಿ ಮಂಡಳ, ಕ್ರೀಡಾ ಸಂಘ, ಕಲಾ ತಂಡ ಎಂಬ ಹೆಸರುಗಳಲ್ಲಿ ನಡೆಯುತ್ತಿರುವ ಸ್ವಯಂಸೇವಾ ಸಂಘಟನೆಗಳು ಎದುರಿಸುವ ತೊಡಕು ಬಹುಮಟ್ಟಿಗೆ ಒಂದೇ ಬಗೆಯದು. ದುಡಿಯುವ ಹುಡುಗ ಹುಡುಗಿಯರಿದ್ದಾರೆ, ಊರಿನವರ ವಿಶ್ವಾಸವಿದೆ, ಆದರೆ ಕೊಠಡಿಯ ವಿದ್ಯುತ್ ಬಿಲ್ಲಿಗೂ ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧಕರ ಶುಲ್ಕಕ್ಕೂ ಖಚಿತವಾದ ಹಣವಿಲ್ಲ. ಅನುದಾನದ ಅರ್ಜಿಗೆ ಉತ್ತರ ತಡವಾಗಿ ಬರುತ್ತದೆ, ಬಂದ ಮೊತ್ತ ಕೇಳಿದ್ದಕ್ಕಿಂತ ಕಡಿಮೆ ಇರುತ್ತದೆ, ಕಾರ್ಯಕ್ರಮ ಮುಗಿದ ಮೇಲೆ ಕೈಯಿಂದ ಹಾಕಿದ ಹಣಕ್ಕಾಗಿ ಪದಾಧಿಕಾರಿಗಳು ಕಚೇರಿಗೆ ಅಲೆಯಬೇಕಾಗುತ್ತದೆ. ಕೊನೆಗೆ ಊರಿನ ಅಂಗಡಿಗಳಿಗೆ ಹೋಗಿ ಪಟ್ಟಿ ಎತ್ತುವ ಹಳೆಯ ಉಪಾಯವೇ ಉಳಿಯುತ್ತದೆ. ವರ್ಷಕ್ಕೆ ನಾಲ್ಕು ಸಲ ಪಟ್ಟಿ ಎತ್ತಿದರೆ ಕೊಡುವ ಕೈಯೂ ಬೇಸರಪಡುತ್ತದೆ.

ಈ ಸ್ಥಿತಿಗೆ ಕಾರಣಗಳು ಹಲವು. 1972ರಲ್ಲಿ ಆರಂಭವಾದ ನೆಹರೂ ಯುವ ಕೇಂದ್ರಗಳ ಕಾಲದಿಂದ ಗ್ರಾಮದ ಯುವಕ ಮಂಡಳವೇ ಸರಕಾರ ಮತ್ತು ಯುವಜನರ ನಡುವಿನ ಕೊಂಡಿಯಾಗಿತ್ತು. 2023ರ ಅಕ್ಟೋಬರ್ 31ರಂದು ಚಾಲನೆಗೊಂಡ ‘ಮೇರಾ ಯುವ ಭಾರತ’ ವ್ಯವಸ್ಥೆಯಲ್ಲಿ ಯುವಜನರು ಜಾಲತಾಣದಲ್ಲಿ ನೇರವಾಗಿ ಹೆಸರು ನೋಂದಾಯಿಸಬಹುದಾದ್ದರಿಂದ ಮಂಡಳದ ಮಧ್ಯವರ್ತಿ ಪಾತ್ರ ಮೊದಲಿನಂತೆ ಉಳಿದಿಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯು ವಿದೇಶಿ ನೆರವು ಪಡೆದ ದೊಡ್ಡ ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು ನಿಷೇಧಿಸಿತು. ನಗರದ ಸಂಸ್ಥೆಯೊಂದರ ಸಹಭಾಗಿಯಾಗಿ ಹಳ್ಳಿಯ ಸಂಘ ಪಡೆಯಬಹುದಾಗಿದ್ದ ನೆರವಿನ ದಾರಿ ಅಲ್ಲಿಗೆ ಮುಚ್ಚಿತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸಮಾಜಕ್ಕಾಗಿ ವೆಚ್ಚ ಮಾಡಬೇಕಾದ ಲಾಭದ ಶೇ. 2ರಷ್ಟು ಹಣವಿದೆಯಾದರೂ, ಅದನ್ನು ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ನೋಂದಣಿಯೂ ಕನಿಷ್ಠ 3 ವರ್ಷಗಳ ಕೆಲಸದ ದಾಖಲೆಯೂ ಇರಬೇಕಾದ್ದರಿಂದ ಕಿರ್ದಿ ಪುಸ್ತಕವನ್ನೇ ಸರಿಯಾಗಿ ಇಡದ ಸಂಘಕ್ಕೆ ಅದು ಎಟುಕುವುದಿಲ್ಲ.

ಇಂಥ ಸಂದರ್ಭದಲ್ಲಿ ಪರಿಶೀಲಿಸಬೇಕಾದ ಮಾರ್ಗ ಸಾಮಾಜಿಕ ಉದ್ಯಮ. ಸಮಾಜದ ಒಂದು ಅಗತ್ಯವನ್ನು ಪೂರೈಸುವುದಕ್ಕಾಗಿಯೇ ಹುಟ್ಟಿ, ಸರಕನ್ನೋ ಸೇವೆಯನ್ನೋ ಬೆಲೆಗೆ ಕೊಟ್ಟು, ಖರ್ಚು ಕಳೆದು ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳದೆ ಅದೇ ಉದ್ದೇಶಕ್ಕೆ ಮತ್ತೆ ತೊಡಗಿಸುವ ವ್ಯವಹಾರಕ್ಕೆ ಈ ಹೆಸರಿದೆ. ಹೆಸರು ಹೊಸದಾದರೂ ಈ ನೆಲಕ್ಕೆ ವಿಚಾರ ಹೊಸದಲ್ಲ: ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ, ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ, ಸಾಲದ ಶೂಲದಿಂದ ರೈತನನ್ನು ಬಿಡಿಸುವ ಸೇವೆಯನ್ನೇ ಲೆಕ್ಕಬದ್ಧ ವ್ಯವಹಾರವಾಗಿ ನಡೆಸಿ ತೋರಿಸಿತ್ತು. ಬ್ರಿಟನ್ನಿನಲ್ಲಿ ಇಂಥ ಉದ್ಯಮಗಳಿಗೆಂದೇ 2005ರಿಂದ ಒಂದು ಪ್ರತ್ಯೇಕ ಬಗೆಯ ಕಂಪನಿ ರೂಪ ಜಾರಿಯಲ್ಲಿದೆ. ಭಾರತದಲ್ಲಿ ಅಂಥ ಪ್ರತ್ಯೇಕ ರೂಪವಿಲ್ಲದ್ದರಿಂದ ಇರುವ ಕಾನೂನುಗಳಲ್ಲೇ ಹೊಂದುವುದನ್ನು ಆರಿಸಿಕೊಳ್ಳಬೇಕಾಗುತ್ತದೆ.

ದುಡಿಮೆಯ ಹಣ ಅನುದಾನಕ್ಕಿಂತ ಹೇಗೆ ಬೇರೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಅನುದಾನ ಬರುವಾಗಲೇ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ಷರತ್ತೂ ಜೊತೆಗೆ ಬರುತ್ತದೆ. ಕ್ರೀಡಾಕೂಟಕ್ಕೆ ಬಂದ ಹಣದಲ್ಲಿ ಕೊಠಡಿಯ ಚಾವಣಿ ರಿಪೇರಿ ಮಾಡಿಸುವಂತಿಲ್ಲ. ಸೇವೆಗೆ ಪ್ರತಿಯಾಗಿ ಬಂದ ಹಣಕ್ಕೆ ಆ ಕಟ್ಟಿಲ್ಲ; ಸಂಘವನ್ನು ಸಂಘವಾಗಿ ಉಳಿಸುವ, ಯಾವ ದಾನಿಯೂ ಕೊಡಲೊಪ್ಪದ ಸಣ್ಣಪುಟ್ಟ ಖರ್ಚುಗಳಿಗೆ ಅದು ಒದಗುತ್ತದೆ. ಎರಡನೆಯದಾಗಿ, ಅನುದಾನ ಪಡೆಯಲು ಒಬ್ಬ ಅಧಿಕಾರಿ ಒಪ್ಪಿದರೆ ಸಾಕು, ಮಾರಾಟಕ್ಕೆ ನೂರು ಜನ ಒಪ್ಪಬೇಕು; ನೂರರಲ್ಲಿ ಹತ್ತು ಜನ ದೂರವಾದರೆ ಸಂಘ ಬಡವಾದೀತೇ ಹೊರತು ಬಾಗಿಲು ಮುಚ್ಚುವುದಿಲ್ಲ. ಮೂರನೆಯದು ಹೆಚ್ಚು ಮುಖ್ಯವಾದದ್ದು: ಬೆಲೆ ಕೊಟ್ಟವರು ಗುಣಮಟ್ಟವನ್ನು ಕೇಳುತ್ತಾರೆ, ಆ ಕೇಳಿಕೆಯಿಂದ ಸಂಘದ ಯುವಜನರು ಸಮಯಪಾಲನೆ, ಲೆಕ್ಕ, ಮಾತಿಗೆ ನಿಲ್ಲುವುದು ಇವನ್ನು ಯಾವ ಶಿಬಿರದಲ್ಲೂ ಕಲಿಯದಷ್ಟು ಚೆನ್ನಾಗಿ ಕಲಿಯುತ್ತಾರೆ. ಆದರೆ ಉದ್ಯಮವು ಸರಕಾರದ ಹೊಣೆಗೆ ಬದಲಿಯಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಆಟದ ಮೈದಾನ, ಗ್ರಂಥಾಲಯ, ತರಬೇತಿ ಇವು ಯುವಜನರ ಹಕ್ಕಿನ ವಿಷಯಗಳಾಗಿದ್ದು, ಸಂಘ ಸ್ವಂತ ಗಳಿಕೆ ಮಾಡುತ್ತಿದೆಯೆಂಬ ಕಾರಣಕ್ಕೆ ಅವನ್ನು ಕೇಳುವುದನ್ನು ಬಿಡಬೇಕಾಗಿಲ್ಲ.

ಅನುಸರಿಸಬೇಕಾದ ಹಂತಗಳು

1. ಮಾರಬಾರದ್ದು ಯಾವುದು ಎಂಬುದನ್ನು ಮೊದಲು ನಿಶ್ಚಯಿಸುವುದು. ಸರ್ವಸದಸ್ಯರ ಸಭೆಯಲ್ಲಿ ಸಂಘದ ಎಲ್ಲ ಕೆಲಸಗಳನ್ನು ಬರೆದು ಮೂರು ಗುಂಪು ಮಾಡಬೇಕು: ಎಂದೆಂದಿಗೂ ಉಚಿತವಾಗಿ ಉಳಿಯಬೇಕಾದವು, ಕೊಡಬಲ್ಲವರಿಂದ ಮಾತ್ರ ಶುಲ್ಕ ಪಡೆಯಬಹುದಾದವು, ಪೂರ್ಣ ಬೆಲೆಗೆ ಕೊಡಬಹುದಾದವು. ಹಾನಗಲ್ಲ ತಾಲೂಕಿನ ಅಕ್ಕಿಆಲೂರು ರಕ್ತದಾನಿಗಳ ಊರೆಂದು ಹೆಸರಾಗಿದೆ. ರಕ್ತವನ್ನು ಮಾರುವುದು ಕಾನೂನಿಗೆ ವಿರುದ್ಧವಾದದ್ದು ಮಾತ್ರವಲ್ಲ, ಹಣದ ಸೋಂಕು ತಗುಲಿದರೆ ಆ ಊರಿನ ಯುವಜನರು ಗಳಿಸಿದ ಗೌರವವೇ ಇಲ್ಲವಾಗುತ್ತದೆ. ಬಡ ಮಕ್ಕಳ ಸಂಜೆಯ ಪಾಠ, ಪ್ರವಾಹ ಬಂದಾಗಿನ ನೆರವು, ಸ್ಮಶಾನದ ಸ್ವಚ್ಛತೆ ಮೊದಲಾದವೂ ಇದೇ ಗುಂಪಿಗೆ ಸೇರಬೇಕು. ಈ ಪಟ್ಟಿಯನ್ನು ಠರಾವಾಗಿ ಬರೆದಿಟ್ಟರೆ, ಮುಂದೆ ಹಣದ ಅಡಚಣೆ ಬಂದಾಗ ಗೆರೆ ದಾಟುವ ಆಸೆ ಹುಟ್ಟುವುದಿಲ್ಲ.

2. ಸಂಘಕ್ಕೆ ಈಗಾಗಲೇ ಹೆಸರಿರುವ ಕೆಲಸದಿಂದ ಆರಂಭಿಸುವುದು. ಪಟ್ಟಣದಲ್ಲಿ ಯಾರೋ ಅಣಬೆ ಬೆಳೆದು ಗೆದ್ದರೆಂದು ಕೇಳಿ ಅಣಬೆಗೆ ಕೈಹಾಕುವುದಕ್ಕಿಂತ, ಊರಿನವರು ಯಾವ ಕೆಲಸಕ್ಕಾಗಿ ಸಂಘದ ಹುಡುಗರನ್ನು ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಗಮನಿಸುವುದು ಲೇಸು. ಕೌಶಲವನ್ನು ಹೊಸದಾಗಿ ಕಲಿಯುವ ಖರ್ಚು, ಗಿರಾಕಿಯ ನಂಬಿಕೆ ಗಳಿಸುವ ಖರ್ಚು ಎರಡೂ ಅಲ್ಲಿ ಉಳಿಯುತ್ತವೆ.

ನಾಲ್ಕೂ ತಾಲೂಕುಗಳಲ್ಲಿ ಇಂಥ ಆಧಾರಗಳು ಸಮೃದ್ಧವಾಗಿವೆ. ಹಾನಗಲ್ಲ ತಾಲೂಕಿನ ಶೇಷಗಿರಿಯ ಗಜಾನನ ಯುವಕ ಮಂಡಳ ಹವ್ಯಾಸಿ ರಂಗಭೂಮಿಯಲ್ಲಿ ರಾಜ್ಯದ ಗಮನ ಸೆಳೆದಿದ್ದು, ಸಣ್ಣ ಹಳ್ಳಿಯೊಂದರಲ್ಲಿ ಸುಸಜ್ಜಿತ ರಂಗಮಂದಿರ ಎದ್ದು ನಿಂತಿರುವುದು ಯುವಕ ಮಂಡಳವೊಂದು ಏನು ಮಾಡಬಲ್ಲದೆಂಬುದಕ್ಕೆ ಕಣ್ಣೆದುರಿನ ನಿದರ್ಶನವಾಗಿದೆ. ನಾಟಕವನ್ನು ಊರೂರಿಗೆ ಒಯ್ದು ವೀಳ್ಯ ಪಡೆಯುವ ಕ್ರಮವನ್ನು ಹೆಗ್ಗೋಡಿನ ನೀನಾಸಮ್ ಸಂಸ್ಥೆ 1985ರಲ್ಲಿ ‘ತಿರುಗಾಟ’ದ ಮೂಲಕ ವ್ಯವಸ್ಥಿತಗೊಳಿಸಿತು, ಊರಿನ ಸಂಘಗಳು ಪ್ರದರ್ಶನವನ್ನು ಕೊಂಡು ತಮ್ಮ ಊರಿನಲ್ಲಿ ಆಡಿಸುವ ಆ ಮಾದರಿ ಡೊಳ್ಳು, ವೀರಗಾಸೆ, ದೊಡ್ಡಾಟದ ತಂಡಗಳಿಗೂ ಒಪ್ಪುತ್ತದೆ.

ಶಿಗ್ಗಾಂವಿ ತಾಲೂಕಿನಲ್ಲಿ ಸಂತ ಶರೀಫರ ಶಿಶುನಾಳ, ಕನಕದಾಸರ ಬಾಡ, ನಗರೇಶ್ವರ ದೇವಾಲಯ ಮತ್ತು ನವಿಲುಧಾಮಗಳಿರುವ ಬಂಕಾಪುರ, ಉತ್ಸವ ರಾಕ್ ಗಾರ್ಡನ್ ಮತ್ತು ಜಾನಪದ ವಿಶ್ವವಿದ್ಯಾಲಯಗಳಿರುವ ಗೊಟಗೋಡಿ ಒಂದೇ ದಿನದ ಪ್ರಯಾಣದ ಅಳತೆಯಲ್ಲಿವೆ. ಹುಬ್ಬಳ್ಳಿ, ಧಾರವಾಡ, ದಾವಣಗೆರೆಗಳ ಶಾಲೆಗಳು ಪ್ರವಾಸಕ್ಕೆ ಬರುವಾಗ ಸ್ಥಳವನ್ನು ಅರ್ಥವತ್ತಾಗಿ ವಿವರಿಸುವವರು, ಶುಚಿಯಾದ ಊಟ, ಹೆಣ್ಣುಮಕ್ಕಳಿಗೆ ಶೌಚಾಲಯದ ಸೌಕರ್ಯ ಈ ಮೂರು ಸಿಕ್ಕರೆ ತಲೆಗಿಷ್ಟೆಂದು ಕೊಡಲು ಮುಖ್ಯೋಪಾಧ್ಯಾಯರು ಹಿಂಜರಿಯಲಾರರು. ಹಾನಗಲ್ಲ ತಾರಕೇಶ್ವರ ದೇವಾಲಯದ ಮಂಟಪದ ಮೇಲೆ ಕಲ್ಲಿನಲ್ಲಿ ಅರಳಿದ ಬೃಹತ್ ಕಮಲ, ಸವಣೂರಿನ ದೊಡ್ಡಹುಣಸೆ ಕಲ್ಮಠದ ಪುರಾತನ ಬಾವೋಬಾಬ್ ಮರಗಳು, ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನ ಮತ್ತು ಶಿಲ್ಪಗಳು ಇವನ್ನು ತಿಳಿದು ಹೇಳಬಲ್ಲ ಯುವಜನರನ್ನು ತಯಾರು ಮಾಡುವುದೇ ಒಂದು ಸಾಮಾಜಿಕ ಕೆಲಸ. ಅದರಿಂದ ಗಳಿಕೆಯೂ ಆದರೆ ಸಂಘದ ಉದ್ದೇಶ ಮತ್ತು ಉದ್ಯಮ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ಕೃಷಿಯ ಸುತ್ತಲಿನ ಸೇವೆಗಳು ಇನ್ನೊಂದು ದಾರಿ. ಗೋವಿನಜೋಳದ ಒಕ್ಕಣೆಯ ಹೊತ್ತಿಗೆ ತಾಡಪಾಲು, ಒಕ್ಕುವ ಯಂತ್ರ, ತೇವಾಂಶ ಅಳೆಯುವ ಉಪಕರಣ ಸಿಗದೆ ರೈತರು ರಸ್ತೆಯ ಮೇಲೆ ತೆನೆ ಹರವುವುದು ನಾಲ್ಕೂ ತಾಲೂಕುಗಳಲ್ಲಿ ಕಾಣುವ ದೃಶ್ಯ. ತೇವಾಂಶ ಎಷ್ಟೆಂದು ರೈತನಿಗೆ ಮೊದಲೇ ತಿಳಿದಿದ್ದರೆ ಖರೀದಿದಾರ ಹೇಳಿದ ಕಡಿತಕ್ಕೆ ಸುಮ್ಮನೆ ತಲೆಯಾಡಿಸಬೇಕಾಗಿಲ್ಲ. ಹಾನಗಲ್ಲಿನ ಮಾವನ್ನು ಕಾರ್ಬೈಡ್ ಬಳಸದೆ ಹಣ್ಣು ಮಾಡಿ ಪೆಟ್ಟಿಗೆಯಲ್ಲಿ ನಗರದ ಮನೆಗಳಿಗೆ ತಲುಪಿಸುವುದು, ಸವಣೂರಿನ ಖಾರಕ್ಕೆ ಒಪ್ಪವಾದ ಪೊಟ್ಟಣ ಮತ್ತು ದೂರದ ಗಿರಾಕಿ ಒದಗಿಸುವುದು ಸಾಧ್ಯವಿದೆ. ಆದರೆ ಹಣ್ಣು ಮತ್ತು ವೀಳ್ಯದೆಲೆಯಂಥ ಬೇಗ ಕೆಡುವ ಸರಕುಗಳಲ್ಲಿ ಒಂದು ದಿನದ ತಡ ಇಡೀ ಹಂಗಾಮಿನ ಗಳಿಕೆಯನ್ನು ನುಂಗಬಲ್ಲದಾದ್ದರಿಂದ, ಮೊದಲ ವರ್ಷದ ಸಂಘಕ್ಕೆ ಸರಕಿಗಿಂತ ಸೇವೆಯೇ ಕ್ಷೇಮ.

3. ಉಪಯೋಗಿಸುವವರು ಯಾರು, ಹಣ ಕೊಡುವವರು ಯಾರು ಎಂದು ಬೇರ್ಪಡಿಸಿ ನೋಡುವುದು. ಪ್ರವಾಸದ ಉಪಯೋಗ ಮಕ್ಕಳಿಗೆ, ಹಣ ಕೊಡುವವರು ಪಾಲಕರು, ನಿರ್ಧರಿಸುವವರು ಶಿಕ್ಷಕರು. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಕನಿಷ್ಠ 15 ಮಂದಿ ಸಂಭಾವ್ಯ ಗಿರಾಕಿಗಳನ್ನು ಮುಖತಃ ಕಂಡು, ‘ಇದು ಒಳ್ಳೆಯದೇ’ ಎಂದು ಕೇಳದೆ, ‘ಕಳೆದ ವರ್ಷ ಇದಕ್ಕಾಗಿ ಎಷ್ಟು ಕೊಟ್ಟಿರಿ, ಯಾರಿಗೆ ಕೊಟ್ಟಿರಿ’ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ನಿಜವಾದ ಬೇಡಿಕೆ ತಿಳಿಯುವುದು ಎರಡನೆಯದರಿಂದ.

4. ಬೆಲೆಯಲ್ಲಿ ಪೂರ್ಣ ಖರ್ಚನ್ನು ಸೇರಿಸುವುದು. ಸ್ವಯಂಸೇವಾ ಸಂಘಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಖರ್ಚಿನಲ್ಲಿ ಎರಡು ಬಗೆ: ಕೆಲಸ ನಡೆದಾಗ ಮಾತ್ರ ಬರುವ ನೇರ ಖರ್ಚು, ಕೆಲಸ ನಡೆಯಲಿ ಬಿಡಲಿ ವರ್ಷವಿಡೀ ಬರುವ ಸ್ಥಿರ ಖರ್ಚು. ವಿವರಣೆಗಾಗಿ ಕಲ್ಪಿಸಿದ ಅಂಕಿಗಳಿಂದ ನಾಟಕ ತಂಡವೊಂದರ ಲೆಕ್ಕವನ್ನು ಹೀಗೆ ಹಾಕಬಹುದು. ಒಂದು ಪ್ರದರ್ಶನಕ್ಕೆ 15 ಕಲಾವಿದರಿಗೆ ತಲಾ 400ರಂತೆ 6,000 ರೂಪಾಯಿ, ವಾಹನಕ್ಕೆ 4,500, ಬೆಳಕು ಮತ್ತು ಧ್ವನಿಗೆ 3,500, ಪ್ರಸಾಧನಕ್ಕೆ 1,000, ಊಟೋಪಚಾರಕ್ಕೆ 1,500 ಎಂದು ಹಿಡಿದರೆ ನೇರ ಖರ್ಚು 16,500 ರೂಪಾಯಿ. ತಾಲೀಮಿನ ಕೊಠಡಿ, ವಿದ್ಯುತ್, ಉಡುಗೆಗಳ ಸವಕಳಿ, ದೂರವಾಣಿ, ಲೆಕ್ಕಪರಿಶೋಧನೆ ಎಲ್ಲ ಸೇರಿ ವರ್ಷಕ್ಕೆ 60,000 ಸ್ಥಿರ ಖರ್ಚೆಂದೂ ವರ್ಷಕ್ಕೆ 20 ಪ್ರದರ್ಶನಗಳೆಂದೂ ಇಟ್ಟುಕೊಂಡರೆ, ಪ್ರತಿ ಪ್ರದರ್ಶನದ ಮೇಲೆ ಇನ್ನೂ 3,000 ಬೀಳುತ್ತದೆ. ಅಂದರೆ ನಿಜವಾದ ಖರ್ಚು 19,500. ಮುಂದಿನ ವರ್ಷದ ಹೊಸ ನಾಟಕಕ್ಕೆಂದು 2,000 ಸೇರಿಸಿದರೆ ಕೇಳಬೇಕಾದ ವೀಳ್ಯ 21,500.

ಈ ವೀಳ್ಯದಲ್ಲಿ ನೇರ ಖರ್ಚು ಕಳೆದು ಪ್ರದರ್ಶನಕ್ಕೆ 5,000 ಉಳಿಯುವುದರಿಂದ, 60,000ದ ಸ್ಥಿರ ಖರ್ಚು ತುಂಬಲು 12 ಪ್ರದರ್ಶನಗಳು ಬೇಕು. ಲಾಭವೂ ಇಲ್ಲದ ನಷ್ಟವೂ ಇಲ್ಲದ ಈ ಸಂಖ್ಯೆಯನ್ನು ಸಮಮಟ್ಟ ಎನ್ನಬಹುದು. ಹದಿಮೂರನೆಯ ಪ್ರದರ್ಶನದಿಂದ ಸಂಘಕ್ಕೆ ಉಳಿತಾಯ ಶುರುವಾಗಿ, 20 ಮುಗಿದಾಗ 40,000 ಕೈಯಲ್ಲಿರುತ್ತದೆ. ಅದೇ ತಂಡ ಪರಿಚಯದ ದಾಕ್ಷಿಣ್ಯಕ್ಕೆ 15,000ಕ್ಕೆ ಒಪ್ಪಿದರೆ, ಪ್ರತಿ ಪ್ರದರ್ಶನದ ನೇರ ಖರ್ಚಿನಲ್ಲೇ 1,500 ಕೊರತೆ ಬಿದ್ದು, 20 ಪ್ರದರ್ಶನಗಳ ಕೊನೆಗೆ ಒಟ್ಟು 90,000 ನಷ್ಟವಾಗುತ್ತದೆ. ಚಪ್ಪಾಳೆ ಹೆಚ್ಚಿದಂತೆ ಸಾಲವೂ ಹೆಚ್ಚುವ ಈ ಸ್ಥಿತಿ, ಪ್ರದರ್ಶನಗಳು ತುಂಬಿರುವ ವರ್ಷದಲ್ಲಿ ಯಾರಿಗೂ ಅರಿವಾಗುವುದಿಲ್ಲವೆಂಬುದೇ ಅದರ ಅಪಾಯ. ಸ್ವಯಂಸೇವಕರು ಕೂಲಿ ಬೇಡವೆಂದರೂ ಅದನ್ನು ಲೆಕ್ಕದಲ್ಲಿ ತೋರಿಸಿ, ಅವರು ಸಂಘಕ್ಕೆ ಕೊಟ್ಟ ದೇಣಿಗೆಯೆಂದು ಪ್ರತ್ಯೇಕವಾಗಿ ದಾಖಲಿಸಬೇಕು. ಇಲ್ಲವಾದರೆ ಅವರು ಮದುವೆಯಾಗಿ, ನೌಕರಿ ಹಿಡಿದು ಊರು ಬಿಟ್ಟ ದಿನ ಇಡೀ ಉದ್ಯಮದ ಬೆಲೆಯೇ ಸುಳ್ಳಾಗುತ್ತದೆ.

ಬಡ ಊರೊಂದಕ್ಕೆ ಕಡಿಮೆ ಬೆಲೆಗೆ ಕೊಡಬಾರದೆಂದು ಇದರ ಅರ್ಥವಲ್ಲ. ರಿಯಾಯಿತಿಯನ್ನು ಕೊಡುವಾಗ ಪೂರ್ಣ ಬೆಲೆಯನ್ನು ರಶೀದಿಯಲ್ಲಿ ಬರೆದು, ಅದರ ಕೆಳಗೆ ರಿಯಾಯಿತಿಯನ್ನು ತೋರಿಸಿದರೆ ಸೇವೆಯ ಮೌಲ್ಯವೂ ಸಂಘದ ಔದಾರ್ಯವೂ ಎರಡೂ ದಾಖಲಾಗುತ್ತವೆ.

5. ಒಂದು ಹಂಗಾಮು ಪರೀಕ್ಷಿಸುವುದು. ಯಂತ್ರ ಕೊಳ್ಳುವ ಮುನ್ನ ಒಂದು ಸುಗ್ಗಿಗೆ ಬಾಡಿಗೆಗೆ ತಂದು ನಡೆಸಬೇಕು. ನಾಲ್ಕು ಶಾಲೆಗಳ ಪ್ರವಾಸ ನಡೆಸಿ ನೋಡಿದ ಮೇಲೆ ಮುದ್ರಿತ ಕರಪತ್ರದ ಮಾತು. ಜಾತ್ರೆಗಳು ಹೆಚ್ಚಿರುವ ಜನವರಿಯಿಂದ ಮೇ ತನಕ ಕಲಾತಂಡಕ್ಕೆ ಗಳಿಕೆ, ಮಳೆಗಾಲದಲ್ಲಿ ಶೂನ್ಯ. ಒಕ್ಕುವ ಯಂತ್ರಕ್ಕೆ ಕೆಲವೇ ವಾರಗಳ ಕೆಲಸ, ಉಳಿದ ತಿಂಗಳು ತುಕ್ಕು. ಹಣ ಬರುವ ತಿಂಗಳು, ಹೋಗುವ ತಿಂಗಳುಗಳನ್ನು ಒಂದು ಹಾಳೆಯಲ್ಲಿ ಬರೆದರೆ ಯಾವ ಎರಡು ಕೆಲಸಗಳು ಒಂದಕ್ಕೊಂದು ಪೂರಕವೆಂಬುದು ತಾನಾಗಿ ಕಾಣುತ್ತದೆ.

6. ಕಾನೂನಿನ ಚೌಕಟ್ಟನ್ನು ಸರಿಪಡಿಸುವುದು. ಯುವಕ ಮಂಡಳಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ, ಕನಿಷ್ಠ 7 ಸದಸ್ಯರೊಂದಿಗೆ ನೋಂದಣಿಯಾಗಿರುತ್ತವೆ. ಉದ್ಯಮಕ್ಕೆ ಇಳಿಯುವ ಮೊದಲು ಮೂರು ವಿಷಯ ಪರೀಕ್ಷಿಸಬೇಕು. ವಾರ್ಷಿಕ ಸಭೆಯ ನಂತರ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಪ್ರತಿ ವರ್ಷ ಸಲ್ಲಿಸಲಾಗಿದೆಯೇ, ಬಾಕಿಯಿದ್ದರೆ ಎಷ್ಟು ವರ್ಷದ್ದು; ಉದ್ದೇಶ ಸಾಧನೆಗಾಗಿ ಶುಲ್ಕ ಪಡೆಯುವುದಕ್ಕೂ ಸೇವೆ ನಡೆಸುವುದಕ್ಕೂ ಬೈಲಾದಲ್ಲಿ ಅವಕಾಶವಿದೆಯೇ, ಇಲ್ಲವಾದರೆ ತಿದ್ದುಪಡಿ ಆಗಬೇಕೇ; ಬ್ಯಾಂಕ್ ಖಾತೆ ಮತ್ತು ಪ್ಯಾನ್ ಸಂಖ್ಯೆ ಸಂಘದ ಹೆಸರಿನಲ್ಲಿಯೇ ಇವೆಯೇ. ಬಾಕಿ ಉಳಿದ ನವೀಕರಣದೊಡನೆ ವ್ಯವಹಾರ ಶುರು ಮಾಡಿದ ಸಂಘ ಮೊದಲ ತಕರಾರಿನಲ್ಲೇ ಸಿಕ್ಕಿಬೀಳುತ್ತದೆ.

ದತ್ತಿ ಸಂಸ್ಥೆಯೆಂದು ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಪಡೆದ ಸಂಘಗಳು ಇನ್ನೆರಡು ನಿಯಮಗಳನ್ನು ತಿಳಿದಿರಬೇಕು. ಉದ್ಯಮವು ಸಂಘದ ಉದ್ದೇಶಕ್ಕೆ ಪೂರಕವಾಗಿದ್ದು ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇರಬೇಕೆಂಬುದು ಒಂದು. ಶಿಕ್ಷಣ, ಬಡವರ ನೆರವು, ವೈದ್ಯಕೀಯ ಸೇವೆ, ಪರಿಸರ ಮತ್ತು ಸ್ಮಾರಕಗಳ ರಕ್ಷಣೆ ಮೊದಲಾದ ಹೆಸರಿಸಿದ ಉದ್ದೇಶಗಳಿಗೆ ಸೇರದೆ ‘ಸಾರ್ವಜನಿಕ ಉಪಯೋಗದ ಇತರ ಉದ್ದೇಶ’ಗಳ ಗುಂಪಿನಲ್ಲಿರುವ ಸಂಸ್ಥೆಯ ವ್ಯಾಪಾರಿ ಸ್ವರೂಪದ ಆದಾಯ, ವರ್ಷದ ಒಟ್ಟು ಆದಾಯದ ಶೇ. 20ನ್ನು ಮೀರಬಾರದೆಂಬುದು ಇನ್ನೊಂದು. ಮೀರಿದ ವರ್ಷ ತೆರಿಗೆ ವಿನಾಯಿತಿ ಕೈತಪ್ಪುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2025ರ ಕಾಯ್ದೆ ಬಂದಿರುವುದರಿಂದ ಹಳೆಯ ಕಲಮುಗಳ ಸಂಖ್ಯೆ ನಂಬಿ ಅರ್ಜಿ ಬರೆಯದೆ ಲೆಕ್ಕಪರಿಶೋಧಕರನ್ನು ಕೇಳುವುದು ಅಗತ್ಯ.

ಈ ಮಿತಿಯ ಕಾರಣದಿಂದ, ಗಳಿಕೆ ಬೆಳೆಯತೊಡಗಿದಾಗ ಎರಡು ಸಂಸ್ಥೆಗಳ ಏರ್ಪಾಡು ಸೂಕ್ತವಾಗುತ್ತದೆ: ಸೇವೆಗೆ ಹಳೆಯ ಸಂಘ, ವ್ಯವಹಾರಕ್ಕೆ ಬೇರೆ ಸಂಸ್ಥೆ. ಸಾಗರ ತಾಲೂಕಿನ ಹೆಗ್ಗೋಡು ಸಮೀಪದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ನೇತೃತ್ವದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಯನ್ನು ಉತ್ಪಾದಿಸಿದರೆ, ‘ದೇಸಿ’ ಎಂಬ ಬೇರೆ ಸಂಸ್ಥೆ ಅದನ್ನು ನಗರಗಳಲ್ಲಿ ಮಾರುತ್ತದೆ. ವ್ಯವಹಾರದ ಸಂಸ್ಥೆಗೆ 1997ರ ಸೌಹಾರ್ದ ಸಹಕಾರಿ ಕಾಯ್ದೆ, ಲಾಭ ಹಂಚದ ಕಂಪನಿಗಳಿಗಿರುವ ಕಂಪನಿ ಕಾಯ್ದೆಯ 8ನೇ ಕಲಮು, ಕನಿಷ್ಠ 10 ಮಂದಿ ಬೆಳೆಗಾರರು ಸೇರಿ ಕಟ್ಟಬಹುದಾದ ಉತ್ಪಾದಕ ಕಂಪನಿ ಈ ಮೂರು ದಾರಿಗಳಿವೆ. ಕಂಪನಿಯ ರೂಪಕ್ಕೆ ಪ್ರತಿ ವರ್ಷ ವಿವರಣಪತ್ರಗಳ ಖರ್ಚಿರುವುದರಿಂದ, ಒಂದೆರಡು ಲಕ್ಷದ ವಹಿವಾಟಿಗೆ ಅದು ಭಾರವಾದೀತು.

ಇತರ ಪರವಾನಗಿಗಳನ್ನು ಚುಟುಕಾಗಿ ಹೇಳುವುದಾದರೆ, ತಿನಿಸು ತಯಾರಿಸಿ ಮಾರುವ ಎಷ್ಟೇ ಸಣ್ಣ ಘಟಕಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಸಾಮಾನ್ಯವಾಗಿ ಸೇವೆಗಳಿಗೆ 20 ಲಕ್ಷ, ಸರಕಿಗೆ 40 ಲಕ್ಷ ರೂಪಾಯಿಯ ವಾರ್ಷಿಕ ವಹಿವಾಟು ದಾಟಿದಾಗ ಕಡ್ಡಾಯ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಸಂಪೂರ್ಣ ಉಚಿತವಾದ್ದರಿಂದ ಅದಕ್ಕೆ ಹಣ ಕೇಳುವ ಏಜೆಂಟರನ್ನು ದೂರವಿಡಬೇಕು. ತಾರಕೇಶ್ವರದಂಥ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಕಾರ್ಯಕ್ರಮ ನಡೆಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆಯಬೇಕು.

7. ಕಿರ್ದಿಯನ್ನು ದಿನವೂ ಬರೆಯುವುದು. ಉದ್ಯಮಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿ, ಪ್ರತಿ ವಸೂಲಿಗೂ ರಶೀದಿ, ತಿಂಗಳಿಗೊಮ್ಮೆ ಸಂಘದ ಫಲಕದ ಮೇಲೆ ಜಮಾಖರ್ಚಿನ ಪ್ರಕಟಣೆ. ಊರಿನ ಕಣ್ಣಿಗೆ ಲೆಕ್ಕ ಕಾಣುತ್ತಿರುವ ತನಕ ಗುಸುಗುಸು ಹುಟ್ಟುವುದಿಲ್ಲ.

8. ಉಳಿತಾಯದ ಹಂಚಿಕೆಯನ್ನು ಗಳಿಕೆಗೆ ಮೊದಲೇ ಠರಾವು ಮಾಡುವುದು. ಎಷ್ಟು ಪಾಲು ಉಚಿತ ಸೇವೆಗೆ, ಎಷ್ಟು ಆಪತ್ಕಾಲದ ನಿಧಿಗೆ, ಎಷ್ಟು ಉದ್ಯಮದ ವಿಸ್ತರಣೆಗೆ ಎಂದು ಬರೆದಿಡಬೇಕು. ದುಡಿದವರಿಗೆ ನ್ಯಾಯವಾದ ಕೂಲಿ ಕೊಡುವುದು ಲಾಭ ಹಂಚಿಕೆಯಲ್ಲ, ಅದು ಖರ್ಚು. ಈ ವ್ಯತ್ಯಾಸ ತಿಳಿಯದೆ ಯುವಜನರಿಂದ ವರ್ಷಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವುದು ಸೇವೆಯ ಹೆಸರಿನ ಅನ್ಯಾಯವೇ ಆಗುತ್ತದೆ.

ಎಚ್ಚರಿಕೆಗಳು

ಒಂದೇ ಉತ್ಪನ್ನ, ಒಬ್ಬನೇ ಗಿರಾಕಿಯ ಮೇಲೆ ನಿಂತ ಉದ್ಯಮ ಅನುದಾನದಷ್ಟೇ ಅಸ್ಥಿರ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕಸುಬಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರನಿರ್ಮಿತ ಧ್ವಜಗಳಿಗೆ ಅವಕಾಶ ದೊರೆತಾಗ ಖಾದಿ ಧ್ವಜದ ಬೇಡಿಕೆಗೆ ದೊಡ್ಡ ಪೆಟ್ಟು ಬಿತ್ತು. ದೂರದ ಒಂದು ಆದೇಶ ಹಳ್ಳಿಯ ನೂಲುವ ಹೆಣ್ಣುಮಕ್ಕಳ ಕೂಲಿಯನ್ನು ಹೇಗೆ ಕದಲಿಸಬಲ್ಲದೆಂಬುದನ್ನು ಈ ಪ್ರಸಂಗದಿಂದ ಅರಿಯಬೇಕು.

ಬರಬೇಕಾದ ಹಣವನ್ನು ಬಂದ ಹಣವೆಂದು ಎಣಿಸುವುದು ಇನ್ನೂ ಅಪಾಯಕರ. ಮೇಲೆ ಹೆಸರಿಸಿದ ಚರಕ ಸಂಸ್ಥೆಯೇ 2020ರಲ್ಲಿ, ಕೋವಿಡ್ ಕಾಲದಲ್ಲಿ ಮಾರಾಟ ಕುಸಿದು ಸರಕಾರದಿಂದ ಬರಬೇಕಾದ ನೆರವೂ ಬಾರದೆ, ತಾನು ದಿವಾಳಿಯೆಂದು ಸಾರ್ವಜನಿಕವಾಗಿ ಘೋಷಿಸಬೇಕಾಯಿತು. ಅಷ್ಟು ಹೆಸರಿನ ಸಂಸ್ಥೆಗೇ ಹಾಗಾದ ಮೇಲೆ, ಇಲಾಖೆಗಳ ಕಾರ್ಯಕ್ರಮಕ್ಕೆ ತಂಡ ಕಳಿಸುವ ಸಂಘವು ಒಟ್ಟು ಗಳಿಕೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಇಂಥ ಉದ್ರಿ ಬಾಬತ್ತಿನಲ್ಲಿ ಇಡದಿರುವುದು ಉತ್ತಮ. ಖಾಸಗಿ ಗಿರಾಕಿಗಳಿಂದ ಅರ್ಧ ಹಣವನ್ನು ಸಂಚಕಾರವಾಗಿ ಪಡೆಯುವ ರೂಢಿಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಬೇಕು.

‘ಸಂಜೀವಿನಿ’ ಮಹಿಳಾ ಸಂಘಗಳು ಈಗಾಗಲೇ ರೊಟ್ಟಿ, ಚಟ್ನಿಪುಡಿ, ಖಾರ ತಿನಿಸು ಮಾಡುತ್ತಿರುವ ಊರಿನಲ್ಲಿ ಯುವಕ ಮಂಡಳ ಅದೇ ಸರಕಿಗೆ ಇಳಿದರೆ ಅಕ್ಕತಂಗಿಯರ ಗಳಿಕೆಯನ್ನೇ ಕಸಿದಂತಾಗುತ್ತದೆ. ಅವರ ಸರಕಿಗೆ ಸಾಗಾಟ ಮತ್ತು ಮಾರುಕಟ್ಟೆ ಒದಗಿಸಿ ನ್ಯಾಯವಾದ ದಲ್ಲಾಳಿ ಪಡೆಯುವುದು ಇಬ್ಬರಿಗೂ ಹಿತ. ಸಾಲದ ವಿಷಯದಲ್ಲಿ, ಪದಾಧಿಕಾರಿಯೊಬ್ಬರ ಹೊಲ ಅಥವಾ ಮನೆಯ ಒಡವೆಯನ್ನು ಒತ್ತೆಯಿಟ್ಟು ಸಂಘಕ್ಕೆ ಬಂಡವಾಳ ತರುವುದನ್ನು ಬೈಲಾದಲ್ಲಿಯೇ ನಿಷೇಧಿಸಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸಹಾಯಧನ ಸಿಗುತ್ತದೆಯೆಂಬ ಒಂದೇ ಕಾರಣಕ್ಕೆ ಯಂತ್ರ ಕೊಳ್ಳುವುದು ಮೊದಲನೆಯ ತಪ್ಪು. ಅರ್ಧ ಬೆಲೆಗೆ ಬಂದ ಯಂತ್ರವೂ ಗಿರಾಕಿಯಿಲ್ಲದಿದ್ದರೆ ಪೂರ್ಣ ನಷ್ಟವೇ.

ಎಲ್ಲ ವ್ಯವಹಾರವನ್ನು ಅಧ್ಯಕ್ಷರ ಹೆಗಲಿಗೆ ಹಾಕುವುದು ಎರಡನೆಯದು. ಸಂಘದ ಸಭೆಗಳನ್ನು ಚೆನ್ನಾಗಿ ನಡೆಸುವವರು ವ್ಯವಹಾರವನ್ನೂ ಚೆನ್ನಾಗಿ ನಡೆಸುತ್ತಾರೆಂಬ ಖಾತ್ರಿಯಿಲ್ಲ. ಉದ್ಯಮಕ್ಕೆ ಮೂವರ ಪ್ರತ್ಯೇಕ ಉಪಸಮಿತಿಯಿದ್ದು, ಅದರಲ್ಲಿ ಒಬ್ಬ ಯುವತಿಯೂ ಹೊರಗಿನ ಒಬ್ಬ ಅನುಭವಿ ವ್ಯಾಪಾರಿಯೂ ಇರುವುದು ಲೇಸು.

ಚುನಾವಣೆಯ ಕಾಲದಲ್ಲಿ ರಾಜಕೀಯ ಪಕ್ಷಗಳ ಕಾರ್ಯಕ್ರಮಕ್ಕೆ ಸಂಘದ ಹೆಸರಿನಲ್ಲಿ ತಂಡವನ್ನೋ ಶಾಮಿಯಾನವನ್ನೋ ಕೊಟ್ಟು, ಆ ಹಣವನ್ನು ಲೆಕ್ಕಕ್ಕೆ ತಾರದಿರುವುದು ಮೂರನೆಯದು. ಒಂದು ಚುನಾವಣೆಯ ಗಳಿಕೆಗಾಗಿ ಊರಿನ ಅರ್ಧ ಜನರ ನಂಬಿಕೆಯನ್ನು ಸಂಘ ಕಳೆದುಕೊಳ್ಳಬಾರದು.

ನಾಲ್ಕನೆಯದು, ಗಳಿಕೆ ಶುರುವಾದೊಡನೆ ಮೂಲ ಕೆಲಸ ಹಿಂದೆ ಬೀಳುವುದು. ಆರು ತಿಂಗಳಿಗೊಮ್ಮೆ ಜಮಾಖರ್ಚಿನ ಜೊತೆಗೆ ಎಷ್ಟು ಮಕ್ಕಳಿಗೆ ಉಚಿತ ಪಾಠವಾಯಿತು, ಎಷ್ಟು ಯುವಜನರು ಹೊಸದಾಗಿ ಸೇರಿದರು, ಯಾವ ಕೇರಿಯವರು ಇನ್ನೂ ಹೊರಗುಳಿದಿದ್ದಾರೆ ಎಂಬ ಲೆಕ್ಕವನ್ನೂ ಸಭೆಯ ಮುಂದಿಡಬೇಕು. ಲಾಭ ತೋರಿಸಿ ಈ ಎರಡನೆಯ ಪಟ್ಟಿಯಲ್ಲಿ ಶೂನ್ಯ ತೋರಿಸುವ ಸಂಘ ಅಂಗಡಿಯಾಗಿದೆಯೆಂದೇ ತಿಳಿಯಬೇಕು.

ನೆರವು ದೊರೆಯುವ ಸ್ಥಳಗಳು

ಉದ್ಯಮ ನಡೆಸುವ ತರಬೇತಿಗೆ ಹಾವೇರಿಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನೂ, ಧಾರವಾಡದಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರವನ್ನೂ ಸಂಪರ್ಕಿಸಬಹುದು. ಬೆಳೆ, ಹಣ್ಣು, ಸಂಸ್ಕರಣೆಗೆ ಸಂಬಂಧಿಸಿದ ಪ್ರಶ್ನೆಗಳಿಗೆ ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ, ಯಂತ್ರೋಪಕರಣ ಮತ್ತು ಸಾಲ ಯೋಜನೆಗಳಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವೂ, ಕಲಾತಂಡಗಳಿಗೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಇವೆ. ಹೋಗುವಾಗ ಬೈಲಾದ ಪ್ರತಿ, ಕೊನೆಯ 3 ವರ್ಷಗಳ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ, ಉದ್ಯಮಕ್ಕೆ ಒಪ್ಪಿಗೆ ಕೊಟ್ಟ ಠರಾವಿನ ನಕಲು ಮತ್ತು ಒಂದು ಹಾಳೆಯ ಬೆಲೆ ಲೆಕ್ಕ ಇವು ಜೊತೆಗಿದ್ದರೆ ಅಧಿಕಾರಿಗಳ ಸಲಹೆಯೂ ಹಾಳೆಯ ಮೇಲಿನ ಅಂಕಿಗಳಿಗೆ ಸಂಬಂಧಿಸಿದ ನಿರ್ದಿಷ್ಟ ಸಲಹೆಯಾಗಿರುತ್ತದೆ.